ರಾತ್ರಿ ಎರಡೂವರೆಯ ಎಚ್ಚರ

ಪ್ರಶ್ನೆ: ನನಗೆ 52 ವರ್ಷ. ಶಿವಮೊಗ್ಗ ಜಿಲ್ಲೆಯ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿ. ಒಂದೂವರೆ ವರ್ಷದ ಹಿಂದೆ ನಮ್ಮ ಯಜಮಾನರಿಗೆ ಬೈಪಾಸ್ ಆಪರೇಷನ್ ಆಯಿತು. ಆಗ ಹನ್ನೆರಡು ರಾತ್ರಿ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕಳೆದೆ. ಮನೆಗೆ ಬಂದ ಮೇಲೂ ಎದ್ದೆದ್ದು ಅವರು ಉಸಿರಾಡುತ್ತಿದ್ದಾರಾ ಎಂದು ನೋಡುತ್ತಿದ್ದೆ. ಈಗ ಅವರು ಆರಾಮಾಗಿದ್ದಾರೆ, ವಾಕಿಂಗ್ ಹೋಗುತ್ತಾರೆ, ದಿಂಬಿಗೆ ತಲೆ ಕೊಟ್ಟ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಾರೆ. ನಿದ್ದೆ ಕಳೆದುಕೊಂಡವಳು ನಾನು. ರಾತ್ರಿ ಒಂಬತ್ತಕ್ಕೇ ಮಲಗುತ್ತೇನೆ, ಹನ್ನೊಂದರ ತನಕ ಹೊರಳಾಟ. ಎರಡೂವರೆಗೆ ಅಲಾರಂ ಇಟ್ಟಂತೆ ಎಚ್ಚರ. ಆಮೇಲೆ ನಾಲ್ಕೂವರೆವರೆಗೆ ಗಡಿಯಾರ ನೋಡುವುದೇ ಕೆಲಸ. ಬೆಳಗಿನ ಜಾವ ಸ್ವಲ್ಪ ಜೋಂಪು ಹತ್ತುತ್ತದೆ, ಆರಕ್ಕೆ ಏಳುತ್ತೇನೆ. ಡಾಕ್ಟರು ಹದಿನೈದು ದಿನಕ್ಕೆಂದು ಆಲ್ಪ್ರಜೋಲಾಂ 0.25 ಮಾತ್ರೆ ಬರೆದಿದ್ದರು. ಮೆಡಿಕಲ್ ಶಾಪಿನವರು ಪರಿಚಯದವರು, ಈಗ ಎಂಟು ತಿಂಗಳಾಯಿತು. ಒಂದು ಸಾಲದೆ ಎರಡು ನುಂಗುತ್ತಿದ್ದೇನೆ. ಮೂರು ದಿನ ಬಿಟ್ಟು ನೋಡಿದೆ, ರೆಪ್ಪೆಯೇ ಮುಚ್ಚಲಿಲ್ಲ, ಎದೆ ಡವಡವ. ಮಗ ಕೊಡಿಸಿದ ಸ್ಮಾರ್ಟ್ ವಾಚ್ ‘ಗಾಢ ನಿದ್ದೆ 38 ನಿಮಿಷ’ ಎಂದು ತೋರಿಸುತ್ತದೆ. ನಿದ್ದೆಗೆಟ್ಟರೆ ಮರೆವಿನ ಕಾಯಿಲೆ ಬರುತ್ತದೆ ಅನ್ನುವ ವಿಡಿಯೋ ನೋಡಿ ಭಯ ಇನ್ನೂ ಜಾಸ್ತಿಯಾಗಿದೆ. ಓರಗಿತ್ತಿ ಗಸಗಸೆ ಪಾಯಸ, ಜಾಜಿಕಾಯಿ ಹಾಲು ಅನ್ನುತ್ತಾಳೆ. ಜೀವನಪೂರ್ತಿ ಮಾತ್ರೆ ನುಂಗಬೇಕಾ? ಬೇರೆ ಕೋಣೆಯಲ್ಲಿ ಮಲಗಲಾ?

ಉತ್ತರ: ಮೇಡಂ, ನೀವು ಕೇಳಿರುವುದು ಎರಡು ಪ್ರಶ್ನೆ. ಅವುಗಳ ಹಿಂದೆ ಕೇಳದೆ ಬಿಟ್ಟ ಮೂರನೆಯದೊಂದು ನನಗೆ ಕಾಣುತ್ತಿದೆ: ‘ನನ್ನ ತಲೆಯೊಳಗೆ ಏನೋ ಕೆಟ್ಟುಹೋಗಿದೆಯಾ?’ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಪತ್ರದಲ್ಲಿರುವಷ್ಟನ್ನು ನೋಡಿದರೆ, ಕೆಟ್ಟಿಲ್ಲ. ವಾರಕ್ಕೆ ಮೂರು ರಾತ್ರಿಯಾದರೂ ಹೀಗಾಗಿ, ಅದು ಮೂರು ತಿಂಗಳು ದಾಟಿ, ಹಗಲಿನ ಕೆಲಸಕ್ಕೂ ತೊಂದರೆ ಕೊಡುತ್ತಿದ್ದರೆ ನಾವದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತೇವೆ. ನಿಮ್ಮದು ಅದೇ. ಮನೋವೈದ್ಯನಾದ ನನ್ನ ಹತ್ತಿರ ಇದೇ ಕಥೆ ಹೊತ್ತು ಬರುವವರು ಬಹಳ ಮಂದಿ, ಅವರಲ್ಲಿ ಹೆಚ್ಚಿನವರು ಸುಧಾರಿಸುತ್ತಾರೆ.

‘ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ’ ಎಂಬ ಗಾದೆಯನ್ನು ನನ್ನ ಮುಂದೆ ಕೂತವರು ಪದೇ ಪದೇ ಹೇಳುತ್ತಾರೆ. ‘ನನಗೆ ಚಿಂತೆ ಜಾಸ್ತಿ ಡಾಕ್ಟ್ರೇ, ಅದಕ್ಕೇ ನಿದ್ದೆ ಇಲ್ಲ.’ ನಾನು ತಿರುಗಿಸಿ ಕೇಳುತ್ತೇನೆ: ಸಂತೆಯಲ್ಲಿ ಬರುತ್ತದಾ? ಸ್ವಲ್ಪ ಯೋಚಿಸಿ ನಗುತ್ತಾರೆ. ಬಸ್ಸಿನಲ್ಲಿ ಬರುತ್ತದೆ, ಟಿವಿ ಮುಂದೆ ಸೋಫಾದಲ್ಲಿ ಬರುತ್ತದೆ, ಮದುವೆ ಛತ್ರದ ಗದ್ದಲದಲ್ಲಿ ಜಮಖಾನದ ಮೇಲೂ ಬರುತ್ತದೆ. ಸ್ವಂತ ಹಾಸಿಗೆಯಲ್ಲಿ ಮಾತ್ರ ಬರುವುದಿಲ್ಲ. ಚಿಂತೆಯೊಂದೇ ಕಾರಣವಾಗಿದ್ದರೆ ಅದು ಬಸ್ಸಿಗೂ ಜೊತೆಗೇ ಹತ್ತಬೇಕಿತ್ತಲ್ಲ?

ಅಮೆರಿಕದ ಆರ್ಥರ್ ಸ್ಪೀಲ್‌ಮನ್ ಎಂಬ ಮನಶ್ಶಾಸ್ತ್ರಜ್ಞರು 1987ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ನನ್ನ ರೋಗಿಗಳಿಗೆ ಅದನ್ನು ಬೆಂಕಿಯ ಲೆಕ್ಕದಲ್ಲಿ ಹೇಳುತ್ತೇನೆ. ಮೊದಲು ಒಣಹುಲ್ಲು ಬೇಕು: ಹುಟ್ಟಿನಿಂದಲೇ ನಿದ್ದೆ ತೆಳುವಾಗಿರುವುದು, ಎಲ್ಲವನ್ನೂ ಮನಸ್ಸಿಗೆ ಹಚ್ಚಿಕೊಳ್ಳುವ ಸ್ವಭಾವ, ವಯಸ್ಸು. ಆಮೇಲೆ ಕಿಡಿ: ಸಾವು, ಕಾಯಿಲೆ, ವರ್ಗಾವಣೆ, ಸಾಲ. ಕಿಡಿ ಬಿದ್ದಾಗ ನಾಲ್ಕು ದಿನ ಯಾರಿಗಾದರೂ ನಿದ್ದೆ ಕೆಡುತ್ತದೆ. ಮೂರನೆಯದು, ನಾವೇ ಸುರಿಯುತ್ತ ಹೋಗುವ ಎಣ್ಣೆ. ಕಿಡಿ ಆರಿ ಎಷ್ಟೋ ತಿಂಗಳಾದರೂ ಬೆಂಕಿ ಉರಿಯುವುದು ಈ ಎಣ್ಣೆಯಿಂದ. ತಮಾಷೆಯೆಂದರೆ, ಎಣ್ಣೆ ಸುರಿಯುವವರೆಲ್ಲ ನೀರು ಹಾಕುತ್ತಿದ್ದೇವೆ ಅಂದುಕೊಂಡೇ ಸುರಿಯುತ್ತಾರೆ.

ನಿಮ್ಮ ಕಿಡಿ ಯಾವುದೆಂದು ಹೇಳಬೇಕಿಲ್ಲ. ಹನ್ನೆರಡು ರಾತ್ರಿ ಐಸಿಯು ಬಾಗಿಲಿನತ್ತ ಕಿವಿ ನೆಟ್ಟು ಕೂತ ಮೆದುಳು ಒಂದು ಪಾಠ ಕಲಿತಿದೆ: ರಾತ್ರಿಯೆಂದರೆ ಕಾವಲು. ಮನೆಗೆ ಬಂದ ಮೇಲೆ ನೀವು ಎದ್ದೆದ್ದು ಅವರ ಉಸಿರು ನೋಡಿದಿರಿ. ಅವರು ಉಸಿರಾಡುತ್ತಿದ್ದರು, ನಿಮಗೆ ಸಮಾಧಾನವಾಯಿತು. ಎದ್ದಿದ್ದಕ್ಕೆ ಸಮಾಧಾನದ ಕೂಲಿ ಸಿಕ್ಕಿತೆಂದು ಮೆದುಳು ಬರೆದುಕೊಂಡಿತು, ಮರುದಿನ ಅದೇ ಹೊತ್ತಿಗೆ ಎಬ್ಬಿಸಿತು. ಯಜಮಾನರು ವಾಕಿಂಗ್ ಹೋಗುತ್ತಿದ್ದಾರೆಂಬ ಸುದ್ದಿ ಆ ಕಾವಲುಗಾರನಿಗೆ ಇನ್ನೂ ಮುಟ್ಟಿಲ್ಲ.

ಇನ್ನು ಎಣ್ಣೆ. ಒಂಬತ್ತಕ್ಕೆ ಮಲಗಿ ಆರಕ್ಕೆ ಏಳುತ್ತೀರಿ, ಅಂದರೆ ಒಂಬತ್ತು ಗಂಟೆ ಹಾಸಿಗೆಯಲ್ಲಿ. ನಿದ್ದೆ ಹನ್ನೊಂದರಿಂದ ಎರಡೂವರೆ, ನಾಲ್ಕೂವರೆಯಿಂದ ಆರು, ಒಟ್ಟು ಐದು ಗಂಟೆ. ಉಳಿದ ನಾಲ್ಕು ಗಂಟೆ ಹಾಸಿಗೆಯಲ್ಲಿ ನೀವು ಮಾಡುತ್ತಿರುವುದು ಎಚ್ಚರವಾಗಿರುವ ಅಭ್ಯಾಸ. ದಿನಕ್ಕೆ ನಾಲ್ಕು ಗಂಟೆ ವೀಣೆ ಅಭ್ಯಾಸ ಮಾಡಿದರೆ ಒಂದೂವರೆ ವರ್ಷದಲ್ಲಿ ಕಛೇರಿ ಕೊಡಬಹುದು. ‘ನಿದ್ದೆ ಸಾಲುತ್ತಿಲ್ಲ, ಬೇಗ ಮಲಗೋಣ’ ಎನ್ನುವುದು ತೀರಾ ಸಹಜವಾದ ಯೋಚನೆ. ಕೆಡುಕು ಶುರುವಾಗುವುದೂ ಅಲ್ಲಿಂದಲೇ.

ಯಾಕೆಂದರೆ ನಿದ್ದೆಗೆ ಹಸಿವಿನಂಥ ಸ್ವಭಾವವಿದೆ. ಎದ್ದ ಗಳಿಗೆಯಿಂದ ಮೆದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಕೂಡುತ್ತ ಹೋಗುತ್ತದೆ, ನಿದ್ದೆಯ ಒತ್ತಡ ಏರುತ್ತದೆ. ಕಾಫಿ ಮಾಡುವುದು ಇದರ ಬಾಯಿ ಮುಚ್ಚಿಸುವ ಕೆಲಸ. ಸಂಜೆ ಆರಕ್ಕೆ ಕುಡಿದ ಫಿಲ್ಟರ್ ಕಾಫಿಯ ಕೆಫೀನಿನಲ್ಲಿ ಸುಮಾರು ಅರ್ಧ ರಾತ್ರಿ ಹನ್ನೊಂದಕ್ಕೂ ರಕ್ತದಲ್ಲಿರುತ್ತದೆ. (ಪತ್ರದಲ್ಲಿ ಕಾಫಿಯ ಮಾತೇ ಇಲ್ಲ. ಮಲೆನಾಡಿನ ಕಡೆಯವರು, ಸ್ಟಾಫ್ ರೂಮು ಬೇರೆ. ನಾಲ್ಕೈದು ಲೋಟ ಇರಬಹುದೆಂದು ನನ್ನ ಊಹೆ. ಮಧ್ಯಾಹ್ನ ಎರಡರ ಮೇಲೆ ಬೇಡ.) ಈ ಹಸಿವಿನ ಜೊತೆಗೆ ಮೆದುಳಿನ ಗಡಿಯಾರವೂ ಒಂದಿದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದಾಗ ಅದು ತನ್ನ ಮುಳ್ಳು ಸರಿಮಾಡಿಕೊಳ್ಳುತ್ತದೆ. ಹಸಿವು ಮತ್ತು ಗಡಿಯಾರ ಎರಡೂ ಕೂಡಿದಾಗಲೇ ನಿದ್ದೆ. ಒಂಬತ್ತಕ್ಕೆ ಮಲಗುವುದೆಂದರೆ ಹಸಿವಾಗುವ ಮುಂಚೆ ಎಲೆ ಮುಂದೆ ಕೂತಂತೆ.

ಎರಡೂವರೆಯೇ ಯಾಕೆ? ಅದಕ್ಕೆ ಮಾಟ ಮಂತ್ರದ ವಿವರಣೆ ಬೇಕಿಲ್ಲ. ನಿದ್ದೆ ಸುಮಾರು 90 ನಿಮಿಷದ ಸುತ್ತುಗಳಲ್ಲಿ ಸಾಗುತ್ತದೆ. ಗಾಢ ನಿದ್ದೆಯ ಹೆಚ್ಚಿನ ಪಾಲು ಮೊದಲ ಎರಡು ಸುತ್ತಿನಲ್ಲೇ ಮುಗಿಯುತ್ತದೆ. ಆಮೇಲಿನದು ತೆಳು ನಿದ್ದೆ, ಕನಸಿನ ನಿದ್ದೆ. ಒಂದೊಂದು ಸುತ್ತು ಮುಗಿದಾಗಲೂ ಎಲ್ಲರೂ ಅರೆಗಳಿಗೆ ಎಚ್ಚರವಾಗುತ್ತಾರೆ, ಮಗ್ಗುಲು ಬದಲಿಸುತ್ತಾರೆ, ಬೆಳಿಗ್ಗೆ ಅದು ನೆನಪಿರುವುದಿಲ್ಲ. ನಿಮ್ಮ ಯಜಮಾನರಿಗೂ ಆಗುತ್ತದೆ. ಆದರೆ ಅವರು ಗಡಿಯಾರ ನೋಡುವುದಿಲ್ಲ. ನೀವು ನೋಡುತ್ತೀರಿ, ‘ಅಯ್ಯೋ, ಎರಡೂವರೆ’ ಅನ್ನುತ್ತೀರಿ, ಬೆಳಿಗ್ಗೆ ಮೊದಲ ಪೀರಿಯಡ್ಡಿಗೆ ಎಷ್ಟು ಗಂಟೆ ಉಳಿದಿದೆ ಎಂದು ಕಳೆಯುವ ಲೆಕ್ಕ ಮಾಡುತ್ತೀರಿ. ಲೆಕ್ಕ ಮಾಡುತ್ತ ಮಲಗಿದವರು ಯಾರಿದ್ದಾರೆ?

ವಾಚಿನ ಮಾತು. ಅದು ಅಳೆಯುವುದು ಕೈಯ ಚಲನೆ ಮತ್ತು ನಾಡಿ. ಗಾಢ ನಿದ್ದೆಯನ್ನು ಗುರುತಿಸಬೇಕಾದರೆ ತಲೆಗೆ ತಂತಿ ಅಂಟಿಸಿ ಮೆದುಳಿನ ಅಲೆಗಳನ್ನು ನೋಡಬೇಕು. ಒಟ್ಟು ಎಷ್ಟು ಹೊತ್ತು ಮಲಗಿದ್ದೀರಿ ಎಂದು ವಾಚು ಒಂದು ಮಟ್ಟಿಗೆ ಹೇಳಬಹುದು, ಅದರ 38 ನಿಮಿಷವನ್ನು ಮಾತ್ರ ವೇದವಾಕ್ಯ ಮಾಡಿಕೊಳ್ಳಬೇಡಿ. ಮಗನಿಗೆ ಬೇಜಾರಾಗದಂತೆ ಹಗಲು ಹೆಜ್ಜೆ ಎಣಿಸಲು ಕಟ್ಟಿಕೊಂಡು, ರಾತ್ರಿ ಬಿಚ್ಚಿಡಿ.

ಮರೆವಿನ ಕಾಯಿಲೆಯ ವಿಡಿಯೋ ಬಗ್ಗೆ ನೇರವಾಗಿ ಹೇಳುತ್ತೇನೆ. ವರ್ಷಗಟ್ಟಲೆ ಕಡಿಮೆ ನಿದ್ದೆ ಮಾಡುವವರಲ್ಲಿ ಬಿಪಿ, ಸಕ್ಕರೆ ಕಾಯಿಲೆ, ಮರೆವಿನ ತೊಂದರೆ ಹೆಚ್ಚಾಗಿ ಕಾಣುತ್ತದೆ ಎಂಬುದು ಸುಳ್ಳಲ್ಲ. ಆದರೆ ಅದು ದೊಡ್ಡ ಗುಂಪುಗಳ ಸರಾಸರಿಯ ಮಾತು. ನಿದ್ದೆ ಕಡಿಮೆಯಾಗಿ ಕಾಯಿಲೆ ಬಂತೋ, ಒಳಗೆ ಶುರುವಾಗಿದ್ದ ಕಾಯಿಲೆಯೇ ನಿದ್ದೆ ಕೆಡಿಸಿತೋ ಎಂಬ ಎಳೆಯನ್ನು ಅದರಿಂದ ಬಿಡಿಸಲಾಗದು. ಇಂದು ರಾತ್ರಿ ಐದು ಗಂಟೆ ಮಲಗಿದ ಶಿಕ್ಷಕಿಗೆ ನಾಳೆ ಏನಾಗುತ್ತದೆ ಎಂದು ಅದು ಹೇಳುವುದಿಲ್ಲ. ನಿದ್ದೆ ಕೊರತೆಯಾದಾಗ ದೇಹ ಮೊದಲು ಗಾಢ ನಿದ್ದೆಯನ್ನೇ ತುಂಬಿಕೊಳ್ಳುತ್ತದೆ, ಕಳೆದ ಪ್ರತಿ ಗಂಟೆಯನ್ನೂ ಬಡ್ಡಿ ಸಮೇತ ವಸೂಲಿ ಮಾಡುವುದಿಲ್ಲ. ‘ಎಂಟು ಗಂಟೆ’ ಎಂಬುದೂ ಶಾಸನವಲ್ಲ. ವಯಸ್ಕರಿಗೆ ಏಳು ಗಂಟೆಯ ಆಸುಪಾಸು ಎಂಬುದು ಸಾಮಾನ್ಯ ಸಲಹೆ, ಕೆಲವರಿಗೆ ಆರೂವರೆಯೂ ಸಾಕಾಗುತ್ತದೆ. ಹಗಲು ಹೇಗಿದೆ ಎಂಬುದೇ ಅಳತೆಗೋಲು.

ಗಸಗಸೆ ಪಾಯಸ ಕುಡಿಯಿರಿ, ರುಚಿಗಾಗಿ. ಅಡುಗೆಯ ಗಸಗಸೆಯಲ್ಲಿ ಅಫೀಮಿನ ಅಂಶ ತೀರಾ ಅಲ್ಪ. ಹಬ್ಬದೂಟದ ನಂತರ ಕಣ್ಣೆಳೆಯುವುದಕ್ಕೆ ಪಾಯಸಕ್ಕಿಂತ ಅದರ ಹಿಂದೆ ಹೋದ ಹೋಳಿಗೆ, ಅನ್ನದ ಪಾತ್ರ ದೊಡ್ಡದು. ಜಾಜಿಕಾಯಿಯ ವಿಷಯದಲ್ಲಿ ಹುಷಾರು. ಅಜ್ಜಿಯರು ಕಲ್ಲಿನ ಮೇಲೆ ಒಂದು ಸುತ್ತು ತೇಯ್ದು ಕೊಡುತ್ತಿದ್ದ ಅಳತೆ ನಿರುಪದ್ರವಿ. ಚಮಚಗಟ್ಟಲೆ ಪುಡಿ ಹಾಲಿಗೆ ಹಾಕಿದರೆ ವಾಂತಿ, ಎದೆಬಡಿತ, ಭ್ರಮೆ ಎಲ್ಲ ಆಗಬಹುದು. ಉತ್ತರಕ್ಕೆ ತಲೆ ಹಾಕಬಾರದು ಎಂದು ಯಾರೋ ಹೇಳಿಯೇ ಇರುತ್ತಾರೆ. ಮಂಚ ತಿರುಗಿಸಿ ಮನೆಯವರು ನೆಮ್ಮದಿಯಾಗುವುದಾದರೆ ತಿರುಗಿಸಿ, ನಿದ್ದೆಗೂ ದಿಕ್ಕಿಗೂ ನಂಟಿಲ್ಲ. ಮಲಗುವುದಕ್ಕೆ ಒಂದೆರಡು ಗಂಟೆ ಮುಂಚೆ ಬಿಸಿನೀರಿನ ಸ್ನಾನ ಮಾಡಿದರೆ ಮಾತ್ರ ನಿಜಕ್ಕೂ ಲಾಭವಿದೆ: ಚರ್ಮದ ರಕ್ತನಾಳಗಳು ಹಿಗ್ಗಿ ಒಳಗಿನ ಶಾಖ ಹೊರಹೋಗುತ್ತದೆ, ದೇಹ ತಂಪಾದಾಗ ನಿದ್ದೆ ಹತ್ತುತ್ತದೆ.

ಚಿಕಿತ್ಸೆಗೆ ಮುಂಚೆ ಕೆಲವನ್ನು ಪರೀಕ್ಷಿಸಿ ಬದಿಗಿಡಬೇಕು. ನಿಮ್ಮ ವಯಸ್ಸಿನಲ್ಲಿ ಮುಟ್ಟು ನಿಲ್ಲುವ ಕಾಲದ ಬಿಸಿಯೇರಿಕೆ ಬಹಳ ಮುಖ್ಯ. ಎರಡೂವರೆಗೆ ಎಚ್ಚರವಾದಾಗ ಕುತ್ತಿಗೆ, ಎದೆ ಬೆವರಿರುತ್ತದಾ? ಹಾಗಿದ್ದರೆ ಸ್ತ್ರೀರೋಗ ತಜ್ಞರ ಹತ್ತಿರ ಹೋಗಿ, ಅದಕ್ಕೆ ಬೇರೆಯೇ ಚಿಕಿತ್ಸೆ ಇದೆ. ಎರಡನೆಯದು, ನಿಮಗೆ ಗೊರಕೆ ಇದೆಯಾ? ಹೆಂಗಸರು ಇದನ್ನು ಹೇಳಿಕೊಳ್ಳುವುದಿಲ್ಲ, ಗಂಡಂದಿರು ಕೇಳಿಸಿಕೊಂಡಿರುವುದಿಲ್ಲ. ಮುಟ್ಟು ನಿಂತ ಮೇಲೆ ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಹೆಂಗಸರಲ್ಲೂ ಹೆಚ್ಚುತ್ತದೆ. ಬೆಳಿಗ್ಗೆ ತಲೆನೋವು, ಒಣಗಿದ ಬಾಯಿ, ಹತೋಟಿಗೆ ಬಾರದ ಬಿಪಿ ಇದ್ದರೆ ಅನುಮಾನಿಸಬೇಕು. ಇದು ಇದ್ದವರಿಗೆ ನಿಮ್ಮ ಮಾತ್ರೆ ಅಪಾಯಕಾರಿ, ಉಸಿರಾಟವನ್ನು ಇನ್ನೂ ಕುಗ್ಗಿಸಬಹುದು. ಸಂಜೆಯಾದರೆ ಕಾಲೊಳಗೆ ಏನೋ ಹರಿದಾಡಿದಂತಾಗಿ, ಅಲ್ಲಾಡಿಸಿದರೆ ಮಾತ್ರ ಹಾಯೆನಿಸುತ್ತಿದ್ದರೆ ರಕ್ತದಲ್ಲಿ ಫೆರಿಟಿನ್, ಅಂದರೆ ಕಬ್ಬಿಣದ ದಾಸ್ತಾನು ನೋಡಿಸಿ. ಥೈರಾಯ್ಡ್ ಮಾತ್ರೆಯ ಪ್ರಮಾಣ ಜಾಸ್ತಿಯಾಗಿದ್ದರೂ, ಸ್ಟೀರಾಯ್ಡ್ ಅಥವಾ ಕೆಲವು ಉಬ್ಬಸದ ಮಾತ್ರೆಗಳನ್ನು ರಾತ್ರಿ ನುಂಗಿದರೂ ನಿದ್ದೆ ಹಾರುತ್ತದೆ. ಕೊನೆಗೆ ಖಿನ್ನತೆ: ನಸುಕಿನಲ್ಲೇ ಎಚ್ಚರ, ಬೆಳಿಗ್ಗೆ ಹೊತ್ತು ಮನಸ್ಸು ಹೆಚ್ಚು ಭಾರ, ಇಷ್ಟದ ಕೆಲಸಗಳೂ ಬೇಡವೆನಿಸುವುದು. ಬದುಕೇ ಸಾಕೆಂಬ ಯೋಚನೆ ಎಂದಾದರೂ ಬಂದಿದ್ದರೆ ಈ ಉತ್ತರವನ್ನು ಪೂರ್ತಿ ಓದುವವರೆಗೂ ಕಾಯಬೇಡಿ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಈಗ ಮಾತ್ರೆ. ನಾನು ಅದನ್ನು ಬರೆದೇ ಇಲ್ಲವೆಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಸಾವಾದಾಗ, ದೊಡ್ಡ ಆಘಾತವಾದಾಗ ಒಂದೆರಡು ವಾರಕ್ಕೆ ಅದು ಒಳ್ಳೆಯ ಊರುಗೋಲು. ಆಲ್ಪ್ರಜೋಲಾಂ ಮೆದುಳಿನ ಬ್ರೇಕನ್ನು ಗಟ್ಟಿಯಾಗಿ ಒತ್ತುತ್ತದೆ. ದಿನವೂ ಒತ್ತುತ್ತಿದ್ದರೆ ಮೆದುಳು ತನ್ನ ಕಡೆಯಿಂದ ಆಕ್ಸಿಲರೇಟರ್ ಹೆಚ್ಚಿಸುತ್ತದೆ, ಅದಕ್ಕೇ ಒಂದು ಇದ್ದದ್ದು ಎರಡಾಯಿತು. ಥಟ್ಟನೆ ಬಿಟ್ಟಾಗ ಬ್ರೇಕು ಸಡಿಲವಾಗಿ ಆಕ್ಸಿಲರೇಟರ್ ಹಾಗೇ ಉಳಿಯುತ್ತದೆ. ಆ ಮೂರು ರಾತ್ರಿ ನಿಮಗಾದದ್ದು ಅದು. ‘ಮಾತ್ರೆ ಇಲ್ಲದೆ ನನಗೆ ನಿದ್ದೆಯೇ ಇಲ್ಲ’ ಎಂದು ನೀವು ತೀರ್ಮಾನಿಸಿದಿರಿ, ನಿಜಕ್ಕೂ ಅದು ಮಾತ್ರೆ ಬಿಟ್ಟದ್ದರ ಪ್ರತಿಕ್ರಿಯೆ. ಇನ್ನೊಮ್ಮೆ ಹಾಗೆ ಮಾಡಬೇಡಿ. ಹೆಚ್ಚು ದಿನ ತೆಗೆದುಕೊಂಡವರು ಏಕಾಏಕಿ ನಿಲ್ಲಿಸಿದರೆ ಫಿಟ್ಸ್ ಕೂಡ ಬರಬಹುದು. ಮೊದಲು ಬರೆದುಕೊಟ್ಟ ವೈದ್ಯರ ಬಳಿಗೇ ಹೋಗಿ ಎಂಟು ತಿಂಗಳ ಕಥೆ ಹೇಳಿ. ಬೈಸಿಕೊಳ್ಳುತ್ತೇನೆಂಬ ಅಳುಕು ಬೇಡ, ಇದು ನಮಗೆ ಹೊಸದಲ್ಲ. ನಾನಾದರೆ ಎರಡು ವಾರಕ್ಕೊಮ್ಮೆ ಸುಮಾರು ಕಾಲುಭಾಗ ಇಳಿಸುತ್ತೇನೆ, ಕೊನೆಯ ತುಣುಕಿಗೆ ಬಂದಾಗ ಇನ್ನೂ ನಿಧಾನ.

ಪರಿಚಯದ ಅಂಗಡಿಯವರ ಉಪಕಾರದ ಬಗ್ಗೆಯೂ ಒಂದು ಮಾತು. ಆಲ್ಪ್ರಜೋಲಾಂ ಎಚ್1 ಪಟ್ಟಿಯ ಔಷಧಿ. ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಆ ನಿಯಮ ನಿಮ್ಮಂಥವರಿಗಾಗಿಯೇ ಇರುವುದು. ಅರವತ್ತರ ನಂತರವೂ ಇದು ಮುಂದುವರಿದರೆ ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವ ಭಯ ನನಗೆ ಮರೆವಿನ ಕಾಯಿಲೆಯ ಭಯಕ್ಕಿಂತ ಹೆಚ್ಚು. ಇದರ ಬದಲು ನೆಗಡಿ, ತುರಿಕೆಯ ಮಾತ್ರೆ ನುಂಗುವ ಉಪಾಯವೂ ಬೇಡ. ನಿದ್ದೆಯ ಹಾರ್ಮೋನಾದ ಮೆಲಟೋನಿನ್ ಮಾತ್ರೆ ದೂರದ ವಿಮಾನಯಾನದಿಂದ ದಿನಚರಿ ಏರುಪೇರಾದವರಿಗೆ ಉಪಯೋಗ, ನಿಮ್ಮಂಥ ತೊಂದರೆಗೆ ಅದರಿಂದ ಸಿಗುವ ಲಾಭ ಕಡಿಮೆ.

ಹಾಗಾದರೆ ಮದ್ದು ಯಾವುದು? ಅಮೆರಿಕದ ವೈದ್ಯರ ಸಂಘವಾದ ‘ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್’ 2016ರಲ್ಲಿ, ಯುರೋಪಿನ ತಜ್ಞರು 2017ರಲ್ಲಿ ಮೊದಲ ಚಿಕಿತ್ಸೆಯೆಂದು ಹೇಳಿದ್ದು ಮಾತ್ರೆಯನ್ನಲ್ಲ, ನಿದ್ದೆಯ ನಡವಳಿಕೆ ಮತ್ತು ಯೋಚನೆ ತಿದ್ದುವ ಸಿಬಿಟಿ-ಐ ಎಂಬ ಕ್ರಮವನ್ನು. ಅದರ ಒಂದು ಕಾಲನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲೇ ನೆಟ್ಟಿದ್ದರು. ಕೇಳಿದರೆ ‘ಇಷ್ಟೇನಾ’ ಅನ್ನಿಸುತ್ತದೆ, ಮಾಡುವಾಗ ಕಷ್ಟ. ಕಣ್ಣು ಎಳೆದಾಗ ಮಾತ್ರ ಹಾಸಿಗೆಗೆ ಹೋಗುವುದು. ಇಪ್ಪತ್ತು ನಿಮಿಷ ಕಳೆದಿರಬಹುದು ಅನ್ನಿಸಿದರೂ ನಿದ್ದೆ ಬಾರದಿದ್ದರೆ ಎದ್ದು ನಡುಮನೆಗೆ ಬರುವುದು, ಮಂದ ಬೆಳಕಿನಲ್ಲಿ ಹೂಬತ್ತಿ ಹೊಸೆಯುವುದೋ ಹಳೆಯ ಸೀರೆಯ ಅಂಚು ಹೊಲಿಯುವುದೋ ಮಾಡುವುದು, ಮತ್ತೆ ಕಣ್ಣೆಳೆದಾಗ ಹೋಗುವುದು. ಮೊಬೈಲು ಬೇಡ, ಉತ್ತರಪತ್ರಿಕೆ ತಿದ್ದುವುದಂತೂ ಬೇಡವೇ ಬೇಡ. ರಾತ್ರಿ ಎಷ್ಟೇ ಕೆಟ್ಟಿರಲಿ, ಭಾನುವಾರವೇ ಇರಲಿ, ಆರಕ್ಕೆ ಏಳುವುದು, ಹತ್ತು ನಿಮಿಷವಾದರೂ ಅಂಗಳದ ಬೆಳಕಿನಲ್ಲಿ ನಿಲ್ಲುವುದು.

ಇನ್ನೊಂದು ಕಾಲು ಸ್ಪೀಲ್‌ಮನ್ ಅವರದು: ಹಾಸಿಗೆಯ ಹೊತ್ತನ್ನೇ ಕಡಿಮೆ ಮಾಡುವುದು. ಕಟ್ಟುನಿಟ್ಟಿನ ಲೆಕ್ಕದಲ್ಲಿ ನಿಮಗೆ ಐದೂವರೆ ಗಂಟೆಯಷ್ಟೇ ಕೊಡಬೇಕು. ನಾನು ಹಾಗೆ ಹೇಳುವುದಿಲ್ಲ. ಮೊದಲೆರಡು ವಾರ ಹಗಲು ತೂಕಡಿಕೆ ಹೆಚ್ಚುತ್ತದೆ. ಸ್ಕೂಟಿಯಲ್ಲಿ ಶಾಲೆಗೆ ಹೋಗುವವರಾದರೆ ಅದು ಹುಡುಗಾಟದ ಮಾತಲ್ಲ, ಮೇಲೆ ಮಾತ್ರೆಯ ಮಂಪರು ಬೇರೆ. ಅದಕ್ಕೆ ಆರೂವರೆ ಗಂಟೆ ಇಟ್ಟುಕೊಳ್ಳಿ: ರಾತ್ರಿ ಹನ್ನೊಂದೂವರೆಗೆ ಮುಂಚೆ ಹಾಸಿಗೆಯಿಲ್ಲ, ಬೆಳಿಗ್ಗೆ ಆರಕ್ಕೆ ಎದ್ದೇ ಏಳುವುದು. ಊಟದ ನಂತರ ಸೋಫಾದಲ್ಲಿ ಜೋಂಪು ಹತ್ತಲು ಬಿಡಬೇಡಿ, ಹಸಿವು ಕಟ್ಟಿಹೋಗುತ್ತದೆ. ಆ ಎರಡು ವಾರ ಗಾಡಿ ಬಿಟ್ಟು ಬಸ್ಸಿಗೆ ಹೋಗಿ. ಆರೂವರೆಯಲ್ಲಿ ಐದೂವರೆ ಗಂಟೆಯಷ್ಟು ನಿದ್ದೆ ತುಂಬಿದ ವಾರ ಹದಿನೈದು ನಿಮಿಷ ಮುಂಚೆ ಮಲಗಿ, ಹಾಗೆಯೇ ವಾರವಾರ ಮುಂದುವರಿಸಿ. ಮೂರ್ಛೆರೋಗ ಇದ್ದವರು, ಮನಸ್ಸು ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆ ಇದ್ದವರು, ರಾತ್ರಿ ಬಸ್ಸು ಲಾರಿ ಓಡಿಸುವವರು ಇದನ್ನು ಓದಿ ಸ್ವಂತವಾಗಿ ಮಾಡಬಾರದು. ನಿದ್ದೆ ಕಡಿಮೆಯಾದರೆ ಮೊದಲ ಇಬ್ಬರ ಕಾಯಿಲೆ ಕೆರಳುತ್ತದೆ, ಮೂರನೆಯವರಿಂದ ರಸ್ತೆಯಲ್ಲಿ ಬೇರೆಯವರ ಜೀವಕ್ಕೂ ಕುತ್ತು. ಮೊದಲ ವಾರ ನಿಮಗೆ ನನ್ನ ಮೇಲೆ ಸಿಟ್ಟು ಬರುತ್ತದೆ. ಸಾಮಾನ್ಯವಾಗಿ ಮೂರನೆಯ ವಾರದ ಹೊತ್ತಿಗೆ ಎರಡೂವರೆಯ ಎಚ್ಚರ ಕುಗ್ಗತೊಡಗುತ್ತದೆ, ಆರರಿಂದ ಎಂಟು ವಾರ ಹಿಡಿದರೂ ಗಾಬರಿಯಿಲ್ಲ. ಜೊತೆಗೆ ನಿಂತು ಮಾಡಿಸುವವರು ಬೇಕೆಂದರೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ನಡೆಯುತ್ತದೆಯೇ ವಿಚಾರಿಸಿ.

ಚಿಂತೆಗೆ ಒಂದು ಹೊತ್ತು ಗೊತ್ತುಮಾಡಿ. ಸಂಜೆ ಏಳರಿಂದ ಏಳೂಕಾಲು, ಒಂದು ನೋಟ್ ಪುಸ್ತಕ. ಯಜಮಾನರ ಮುಂದಿನ ಚೆಕಪ್ಪು ಯಾವಾಗ, ಮಾತ್ರೆ ಎಷ್ಟು ದಿನಕ್ಕಿದೆ, ಮಧ್ಯರಾತ್ರಿ ಎದೆನೋವು ಬಂದರೆ 108ಕ್ಕೆ ಯಾರು ಫೋನ್ ಮಾಡುವುದು, ಫೈಲು ಯಾವ ಕಪಾಟಿನಲ್ಲಿದೆ, ಎಲ್ಲ ಬರೆದಿಡಿ. ಎರಡೂವರೆಯಲ್ಲಿ ಏಳುವ ಪ್ರಶ್ನೆಗಳಿಗೆ ಉತ್ತರ ಆಗಲೇ ಪುಸ್ತಕದಲ್ಲಿರುತ್ತದೆ.

ಬೇರೆ ಕೋಣೆಯ ವಿಷಯ. ಗಂಡ ಹೆಂಡತಿ ಬೇರೆ ಕೋಣೆಯಲ್ಲಿ ಮಲಗಿದರೆ ನಾಲ್ಕು ಜನ ಏನಂದಾರು ಎಂಬ ಸಂಕೋಚ ಪತ್ರದ ಕೊನೆಯ ಸಾಲಿನಲ್ಲಿ ನನಗೆ ಕೇಳಿಸಿತು. ಗೊರಕೆಯ ಸದ್ದಿಗಾಗಿ ಬೇರೆ ಮಲಗುವವರಿಗೆ ನಾನು ಧಾರಾಳವಾಗಿ ಹೂಂ ಅನ್ನುತ್ತೇನೆ. ನಿಮಗೆ ಸದ್ಯಕ್ಕೆ ಬೇಡ ಅನ್ನುತ್ತೇನೆ. ಪಕ್ಕದ ಕೋಣೆಗೆ ಹೋದರೆ ನೀವು ಎದ್ದು, ನಡೆದು ಬಂದು, ಬಾಗಿಲು ಸರಿಸಿ ನೋಡುತ್ತೀರಿ. ಅಲ್ಲೇ ಮಲಗಿ. ಎಚ್ಚರವಾದಾಗ ಅವರತ್ತ ತಿರುಗಿ ಉಸಿರು ಹುಡುಕಬೇಕೆನಿಸುತ್ತದೆ, ಮೊದಲ ವಾರ ರಾತ್ರಿಗೆ ಒಂದು ಸಲ ಮಾತ್ರ ನೋಡಿ, ಎರಡನೆಯ ವಾರ ತಿರುಗಬೇಡಿ. ಯಜಮಾನರಿಗೂ ಈ ವಿಷಯ ಹೇಳಿ. ಒಂದೂವರೆ ವರ್ಷದಿಂದ ರಾತ್ರಿ ತನ್ನನ್ನು ಒಬ್ಬರು ಕಾಯುತ್ತಿದ್ದಾರೆಂದು ಅವರಿಗೆ ಬಹುಶಃ ಗೊತ್ತೇ ಇಲ್ಲ. ಅವರಿಂದ ಒಂದು ಕೆಲಸವೂ ಆಗಬೇಕಿದೆ: ಮಲಗುವ ಕೋಣೆಯ ಆ ಗಡಿಯಾರವನ್ನು ಗೋಡೆಯಿಂದ ಇಳಿಸಿ ಅಡುಗೆಮನೆಗೆ ಹಾಕುವುದು. ಅಲಾರಂ ಇಟ್ಟ ಮೊಬೈಲು ಅವರ ತಲೆಯ ಕಡೆ ಇರಲಿ.